‘ಲಾಬಿ’ಗೆ ‘ವಶೀಲಿ’ ಸಾಕೇ? ಜತೆಗೆ ‘ಬಿಟ್ಟಿ’, ‘ಮಾನ್ಯ’

ಎಲ್ಲರಿಗೂ ನಮಸ್ಕಾರ.

ಉಡುಪಿಯ ನಮ್ಮ ಓದುಗರ ಕೂಟಕ್ಕಾಗಿ ಒಂದು ಇಂಗ್ಲಿಷ್ ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ದೊಡ್ಡ ಹಣದವರು ಸರಕಾರದ ತೆರಿಗೆಯನ್ನೂ ಖರ್ಚನ್ನೂ ತಮ್ಮ ಕಡೆಗೆ ಹೇಗೆ ವಾಲಿಸಿಕೊಳ್ಳುತ್ತಾರೆ ಅನ್ನುವುದು ವಿಷಯ. ‘ಲಾಬಿ’, ಅಂದರೆ ಕಾನೂನು ಮಾಡುವವರನ್ನು ತಮ್ಮ ಕಡೆಗೆ ಒಲಿಸಿಕೊಳ್ಳುವ ಕೆಲಸ, ಆ ಪದ ಬಂದಲ್ಲೆಲ್ಲ ಪೆನ್ನು ನಿಲ್ಲುತ್ತದೆ.

‘ವಶೀಲಿ’ ಅಂತ ಬರೆದರೆ ಆಯ್ತಲ್ವಾ ಅಂದರು ಭಾವ. ನನಗೆ ಸರಿ ಕಾಣಲಿಲ್ಲ. ಮಗನಿಗೆ ಸೀಟು ಬೇಕು, ಕಡತ ಮುಂದೆ ಹೋಗಬೇಕು, ಅದಕ್ಕೆ ವಶೀಲಿ. ಅಲ್ಲಿ ಕಾನೂನು ಇದ್ದ ಹಾಗೇ ಇರುತ್ತದೆ, ನಾವು ಸಂದಿಯಲ್ಲಿ ನುಸುಳುತ್ತೇವೆ. ಲಾಬಿಯಲ್ಲಿ ಕಾನೂನೇ ಬದಲಾಗುತ್ತದೆ. ಆಮೇಲೆ ನುಸುಳುವ ಕಷ್ಟವೇ ಇಲ್ಲ! ‘ಪಟ್ಟಭದ್ರ ಹಿತಾಸಕ್ತಿ’ ಇದೆ ನಿಜ. ಅದು ಜನರ ಹೆಸರಾಯಿತು, ಅವರು ಮಾಡುವ ಕೆಲಸದ ಹೆಸರಲ್ಲ. ನಾನೇ ‘ಒಲಿಸಾಟ’ ಅಂತ ಕಟ್ಟಿದೆ. ಭಾವನಿಗೆ ಅದು ಲವ್ ಸ್ಟೋರಿಯ ಹಾಗೆ ಕೇಳಿತಂತೆ.

ಇನ್ನೊಂದು ತೊಡಕು, ಸರಕಾರ ಬಿಟ್ಟುಕೊಟ್ಟ ತೆರಿಗೆಗೆ ಏನನ್ನಬೇಕು ಅನ್ನುವುದು. 2019ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರಕಾರ ಕಂಪನಿಗಳ ಮೂಲ ತೆರಿಗೆಯನ್ನು ಶೇ 30ರಿಂದ 22ಕ್ಕೆ ಇಳಿಸಿತು. ಬೇರೆ ವಿನಾಯಿತಿ ಬಿಟ್ಟವರಿಗೆ ಮಾತ್ರ ಈ ದರ. ಹೊಸ ತಯಾರಿಕಾ ಕಂಪನಿಗಳಿಗೆ ಆಗ ಶೇ 15 ಇತ್ತು. ಇದರಿಂದ ವರ್ಷಕ್ಕೆ 1.45 ಲಕ್ಷ ಕೋಟಿ ರೂಪಾಯಿ ಬೊಕ್ಕಸಕ್ಕೆ ಬರುವುದಿಲ್ಲ ಅಂತ ಆಗ ಸರಕಾರವೇ ಲೆಕ್ಕ ಕೊಟ್ಟಿತ್ತು. ಇಂಥದ್ದಕ್ಕೆ ನಾವು ‘ಉತ್ತೇಜನ’ ಅನ್ನುತ್ತೇವೆ. ರೈತರ ಸಾಲಕ್ಕಾದರೆ ‘ಮನ್ನಾ’. ಗೃಹಲಕ್ಷ್ಮಿಯ 2000 ರೂಪಾಯಿಗೆ ‘ಬಿಟ್ಟಿ’.

ಈ ‘ಬಿಟ್ಟಿ’ಯ ಬೇರು ‘ವಿಷ್ಟಿ’. ಅರಸನಿಗೋ ಒಡೆಯನಿಗೋ ಕೂಲಿಯಿಲ್ಲದೆ ದುಡಿಯಲೇಬೇಕಾದ ಚಾಕರಿ. ಬಡವರಿಂದ ಕಿತ್ತುಕೊಂಡದ್ದರ ಹೆಸರು ಈಗ ಬಡವರಿಗೆ ಕೊಟ್ಟದ್ದಕ್ಕೆ ಅಂಟಿದೆ. ಅತ್ತ ಹಳೆಯ ಶಾಸನಗಳಲ್ಲಿ ‘ಸರ್ವಮಾನ್ಯ’ ಅಂದರೆ ಯಾವ ತೆರಿಗೆಯೂ ಇಲ್ಲದೆ ಬಿಟ್ಟುಕೊಟ್ಟ ಭೂಮಿ. ಇವತ್ತು ಆ ಪದ ಕೇಳಿದರೆ ‘ಎಲ್ಲರೂ ಒಪ್ಪಿದ್ದು’ ಅಂತಲೇ ತಿಳಿಯುತ್ತೇವೆ.

ನನ್ನ ಪ್ರಶ್ನೆ ಇಷ್ಟು. ಸರಕಾರ ಬಿಟ್ಟುಕೊಟ್ಟ ತೆರಿಗೆಗೆ ‘ಮಾನ್ಯ’ವನ್ನು ಮತ್ತೆ ಬಳಸಿದರೆ ಓದುವವರಿಗೆ ಹೊಳೆಯುತ್ತದಾ, ಇಲ್ಲಾ ಗೌರವದ ಮಾತು ಅಂದುಕೊಳ್ಳುತ್ತಾರಾ? ನಮ್ಮಲ್ಲಿ ಹಿರಿಯರು ಭೂಕಂದಾಯಕ್ಕೆ ‘ತೀರ್ವೆ’ ಅನ್ನುತ್ತಾರೆ. ತೀರ್ವೆ ಬಿಟ್ಟುಕೊಡುವುದಕ್ಕೂ ಒಂದು ಪದ ಇದ್ದಿರಬೇಕು. ಕುಂದಾಪುರದ ಕಡೆಯವರು, ಮಂಗಳೂರು ಬಂದರಿನ ಮಂಡಿಗಳ ಮಾತು ಬಲ್ಲವರು ಹೇಳಬೇಕು. ಲಾಬಿಗೂ ಏನಾದರೂ ಸಿಕ್ಕಿದರೆ ಭಾನುವಾರದ ಒಳಗೆ ತಿಳಿಸಿ, ಅವತ್ತು ಕೂಟದಲ್ಲಿ ಓದಲಿಕ್ಕುಂಟು.