ಮೆಶ್ ಬ್ಯಾನ್ ಆಗಿದೆಯಂತೆ, ನಮ್ಮ ಮನೆ ಗುಂಪಿನಲ್ಲಿ

ಸೀತಾರಾಮ ಚಿಕ್ಕಪ್ಪನಿಗೆ ಸೋಮವಾರ ತೊಡೆಸಂದಿನ ಹರ್ನಿಯಾ ಆಪರೇಷನ್. ಹೊಟ್ಟೆಯ ಮಾಂಸದ ಗೋಡೆಯಲ್ಲಿ ತೂತಾಗಿ ಒಳಗಿನದು ಗಡ್ಡೆಯಂತೆ ಹೊರಗೆ ಉಬ್ಬುವುದು ಹರ್ನಿಯಾ; ಆ ಜಾಗಕ್ಕೆ ಬಲ ಕೊಡಲು ಒಳಗೆ ಹಾಕುವ ಬಲೆಯಂಥ ತುಂಡು ಮೆಶ್. ಅಡ್ಮಿಟ್ ಆಗಲು ದಿನ ಗೊತ್ತಾಗಿದೆ. ಅಷ್ಟರಲ್ಲಿ ಇದು ಬಂತು.

ಶೈಲತ್ತೆ: (ಫಾರ್ವರ್ಡ್) ಹರ್ನಿಯಾ ಇರುವವರೇ ಎಚ್ಚರ!! ಮೆಶ್ ಹಾಕಿಸಿಕೊಳ್ಳಬೇಡಿ. ಅಮೆರಿಕದಲ್ಲಿ ಬ್ಯಾನ್ ಆಗಿದೆ. ಹರಳೆಣ್ಣೆ ಹಚ್ಚಿ ಬಿಗಿಯಾಗಿ ಲಂಗೋಟಿ ಕಟ್ಟಿದರೆ ತಾನೇ ಒಳಗೆ ಹೋಗುತ್ತದೆ. ಹತ್ತು ಜನರಿಗೆ ಕಳಿಸಿ.

ಶೈಲತ್ತೆ: ಸೀತಾರಾಮಾ, ಓದಿದೆಯಾ? ನನಗೆ ಮೊದಲಿಂದಲೂ ಭಯವೇ.

ವಿನಯ: ಯಾರು ಹೇಳಿದ್ದು ಅತ್ತೆ? ಯಾವ ವರ್ಷ ಬ್ಯಾನ್ ಆಯ್ತು? ಲಿಂಕ್ ಕಳಿಸಿ.

ಗಣಪತಿ ದೊಡ್ಡಪ್ಪ: ಎಲ್ಲದಕ್ಕೂ ಲಿಂಕ್ ಕೇಳುವುದು ನಿನಗೊಂದು ಚಟ. ಹಿರಿಯರು ಕಾಳಜಿಯಿಂದ ಹೇಳಿದ್ದನ್ನು ಕೇಳಬೇಕು. ಈಗಿನವರಿಗೆ ಎಲ್ಲದಕ್ಕೂ ಕತ್ತರಿಯೇ ಬೇಕು.

ಮಂಜಣ್ಣ: ಅಜ್ಜಯ್ಯನಿಗೂ ಇತ್ತಲ್ಲಾ! ಚರ್ಮದ ಪಟ್ಟಿ ಬಿಗಿದುಕೊಂಡೇ ಅಡಿಕೆ ಕೊನೆ ಹೊರುತ್ತಿದ್ದರು. ರಾತ್ರಿ ಅಡಿಕೆ ಸುಲಿಯುವಾಗ ಎಂಥಾ ಕಥೆ ಹೇಳುತ್ತಿದ್ದರು, ನೆನಪಿದೆಯಾ? ಆ ಪಟ್ಟಿ ಕಟ್ಟಿದ ಫೋಟೊ ಯಾರ ಹತ್ತಿರ ಇದೆ?

ಶೈಲತ್ತೆ: ನನ್ನ ಟ್ರಂಕಿನಲ್ಲಿದೆ. ಮನೆ ಪಾಲಾದಾಗ ನನಗೆ ಬಂದಿದ್ದು ಅದೊಂದೇ.

ಗಣಪತಿ ದೊಡ್ಡಪ್ಪ: ಶೈಲಾ, ಆ ಮಾತು ಈಗ ಯಾಕೆ?

ಸರ್ಜರಿ ವಾರ್ಡಿನ ನರ್ಸ್ ನಾನು. ಇಲ್ಲಿ ಸುಮ್ಮನಿದ್ದರೆ ಚಿಕ್ಕಪ್ಪ ಸೋಮವಾರ ಬರುವುದೇ ಇಲ್ಲ ಅನ್ನಿಸಿತು.

ನಾನು: ಅತ್ತೆ, ಅಮೆರಿಕದಲ್ಲಿ 2019ರಲ್ಲಿ ಮಾರಾಟ ನಿಲ್ಲಿಸಿದ್ದು ಬೇರೆ ಮೆಶ್. ಗರ್ಭಕೋಶ ಜಾರಿದ ಹೆಂಗಸರಿಗೆ ಯೋನಿಯ ಮೂಲಕ ಹಾಕುತ್ತಿದ್ದದ್ದು. ತೊಡೆಸಂದಿನ ಹರ್ನಿಯಾಗೆ ಹಾಕುವ ಮೆಶ್ ಅಲ್ಲಿ ಬ್ಯಾನ್ ಆಗಿಲ್ಲ. ಇದಕ್ಕೆ ಮೆಶ್ ಹಾಕುವುದೇ ಒಳ್ಳೆಯದು ಎಂದು 2018ರ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಹೇಳುತ್ತದೆ. ಬರೀ ಹೊಲಿಗೆ ಹಾಕಿದರೆ ಮತ್ತೆ ಬರುವುದು ಜಾಸ್ತಿ.

ವಿನಯ: ಮೆಶ್‌ನಿಂದ ಏನೂ ತೊಂದರೆ ಇಲ್ಲ ಅಂತ ಮಾತ್ರ ಹೇಳಬೇಡ ಸುಮಾ.

ನಾನು: ಹೇಳುತ್ತಿಲ್ಲ. ಆಪರೇಷನ್ ಆದಮೇಲೆ ಕಾಡುವಂಥ ನೋವು ನೂರರಲ್ಲಿ ಹತ್ತು ಹನ್ನೆರಡು ಜನರಿಗೆ ತಿಂಗಳುಗಟ್ಟಲೆ ಉಳಿಯುತ್ತದೆ. ದಿನ ಕಳೆದಂತೆ ಕಡಿಮೆಯಾಗುತ್ತದೆ. ಮೆಶ್ ಇಲ್ಲದೆ ಹೊಲಿದವರಿಗೂ ಬರುತ್ತದೆ. ಇದನ್ನು ಡಾಕ್ಟರ ಹತ್ತಿರ ಮೊದಲೇ ಕೇಳಬೇಕು.

ವಿನಯ: ಹಾಗಾದರೆ ಕಾಯಬಹುದಲ್ವಾ? 2006ರ ಅಧ್ಯಯನ ಇದೆ. ಅಷ್ಟೇನೂ ತೊಂದರೆ ಕೊಡದ ಹರ್ನಿಯಾ ಇದ್ದ 720 ಗಂಡಸರು. ಕಾದವರಲ್ಲಿ ತುರ್ತು ಪರಿಸ್ಥಿತಿ ಬಂದಿದ್ದು ವರ್ಷಕ್ಕೆ ಸಾವಿರಕ್ಕೆ ಇಬ್ಬರಿಗಿಂತ ಕಡಿಮೆ.

ನಾನು: ನಿಜ. ಆದರೆ ಕಾದವರಲ್ಲಿ ಮೂರನೇ ಎರಡು ಪಾಲು ಜನ ಹತ್ತು ವರ್ಷದೊಳಗೆ ಆಪರೇಷನ್ ಮಾಡಿಸಿಕೊಂಡರು. ಮುಖ್ಯವಾಗಿ ನೋವು ತಡೆಯಲಾರದೆ. ಚಿಕ್ಕಪ್ಪನಿಗೆ ಈಗಲೇ ನೋವಿದೆ.

ಗಣಪತಿ ದೊಡ್ಡಪ್ಪ: ಓದಿದವರ ಮಾತು ಕೇಳಿದ್ದಾಯ್ತು. ಅಪ್ಪಯ್ಯನ ಆಪರೇಷನ್ ಆದಾಗ ಆಸ್ಪತ್ರೆ ಬೆಂಚಿನ ಮೇಲೆ ಮಲಗಿದ್ದವನು ನಾನು. ನಿಮ್ಮಪ್ಪ ಆಗ ಎಲ್ಲಿದ್ದ, ಕೇಳಿ ನೋಡಿ.

ವಿನಯ: ಅಪ್ಪ ಮುಂಬೈಯಲ್ಲಿದ್ದರು. ಬಿಲ್ಲಿನ ದುಡ್ಡು ಕಳಿಸಿದ್ದು ಯಾರು ಅಂತ ನೀವೂ ನೆನಪು ಮಾಡಿಕೊಳ್ಳಿ ದೊಡ್ಡಪ್ಪ.

ನಾನು: ಯಾರು ಮಲಗಿದ್ದರು, ಯಾರು ದುಡ್ಡು ಕೊಟ್ಟರು ಅನ್ನುವುದು ಆಮೇಲೆ. ಅಜ್ಜಯ್ಯನಿಗೆ ಆಪರೇಷನ್ ಯಾಕೆ ಆಯ್ತು, ಅದನ್ನು ಹೇಳಿ. ಪಟ್ಟಿ ಕಟ್ಟಿಕೊಂಡೇ ಇದ್ದರು. ಸೊಂಟದ ಸುತ್ತ ಚರ್ಮ ದಡ್ಡುಗಟ್ಟಿ ಕಪ್ಪಾಗಿತ್ತು. ಒಂದು ದಿನ ಗಡ್ಡೆ ಒಳಗೆ ಹೋಗಲೇ ಇಲ್ಲ. ಕಲ್ಲಿನಂತೆ ಗಟ್ಟಿಯಾಯ್ತು, ವಾಂತಿ ಶುರುವಾಯ್ತು. ಕರುಳಿಗೆ ರಕ್ತ ಹೋಗದೆ ಅಷ್ಟುದ್ದ ಕತ್ತರಿಸಿ ತೆಗೆದರು. ಮಾಂಸದ ಗೋಡೆಯಲ್ಲಿ ಆದ ತೂತು ಪಟ್ಟಿಯಿಂದಲೂ ಮುಚ್ಚುವುದಿಲ್ಲ, ಎಣ್ಣೆಯಿಂದಲೂ ಮುಚ್ಚುವುದಿಲ್ಲ.

ಮಂಜಣ್ಣ: ಹೌದು, ಆ ವರ್ಷ ಕೊನೆಕೊಯ್ಲನ್ನು ಊರವರೇ ಬಂದು ಮುಗಿಸಿಕೊಟ್ಟಿದ್ದು.

ಸೀತಾರಾಮ ಚಿಕ್ಕಪ್ಪ: ಸುಮಾ, ನನಗೆ ಒಂದೇ ಚಿಂತೆ. ಗೊಬ್ಬರದ ಮೂಟೆ ಯಾವಾಗ ಎತ್ತಬಹುದು?

ಇಡೀ ಸಂಜೆಯಲ್ಲಿ ಉಪಯೋಗಕ್ಕೆ ಬರುವ ಪ್ರಶ್ನೆ ಕೇಳಿದ್ದು ಚಿಕ್ಕಪ್ಪ ಒಬ್ಬರೇ.

ನಾನು: ಯೂರಿಯಾ ಚೀಲ 45 ಕೆಜಿ ಚಿಕ್ಕಪ್ಪ. ಅಂಥ ಭಾರಕ್ಕೆ ನಾಲ್ಕರಿಂದ ಆರು ವಾರ ಬೇಕು, ಅದೂ ಡಾಕ್ಟರನ್ನು ಕೇಳಿಯೇ. ಆದರೆ ಹಾಸಿಗೆ ಹಿಡಿದು ಮಲಗಬೇಡಿ. ಅವತ್ತೇ ಎದ್ದು ನಾಲ್ಕು ಹೆಜ್ಜೆ ನಡೆಯಬೇಕು. ಏಳುವಾಗ ಮಗ್ಗುಲಾಗಿ, ಕೈಯೂರಿ ಏಳಿ. ಕೆಮ್ಮು ಬಂದರೆ ಗಾಯದ ಮೇಲೆ ಅಂಗೈ ಒತ್ತಿ ಹಿಡಿದುಕೊಳ್ಳಿ. ವಯಸ್ಸಾದ ಗಂಡಸರಿಗೆ ಮೂತ್ರ ಕಟ್ಟುವುದುಂಟು. ಆಗದಿದ್ದರೆ ನಾಚಿಕೆ ಬಿಟ್ಟು ನರ್ಸಿಗೆ ಹೇಳಿ. ಬೀಜ ಊದಿಕೊಂಡು ನೀಲಿಯಾದರೆ ಹೆದರಬೇಡಿ, ಸಾಮಾನ್ಯವಾಗಿ ತಾನೇ ಇಳಿಯುತ್ತದೆ. ಮುಕ್ಕಿರಿಯಬಾರದು, ಸೊಪ್ಪು, ನೀರು ಜಾಸ್ತಿ ಇರಲಿ. ಜ್ವರ, ಕೀವು, ನಿಲ್ಲದ ವಾಂತಿ ಕಂಡರೆ ಕೂಡಲೇ ಬನ್ನಿ. ಮತ್ತೆ ಬೀಡಿ ಬಿಡಿ. ಆ ಕೆಮ್ಮೇ ಹೊಲಿಗೆಗೆ ಶತ್ರು.

ಗಣಪತಿ ದೊಡ್ಡಪ್ಪ: ಬೀಡಿ ಬಿಡು ಅಂತ ನಾನು ಮೂವತ್ತು ವರ್ಷದಿಂದ ಹೇಳುತ್ತಿದ್ದೇನೆ.

ಲಲಿತಾ ಚಿಕ್ಕಮ್ಮ: ಸುಮಾ, ಒಂದು ಮಾತು. ನನಗೂ ಬಲ ತೊಡೆಯ ಬುಡದಲ್ಲಿ ಒಂದು ಗಂಟಿದೆ. ಅಡಿಕೆಯಷ್ಟು. ನೋವಿಲ್ಲ. ಇವರದ್ದು ಮುಗಿಯಲಿ ಅಂತ ಸುಮ್ಮನಿದ್ದೆ.

ಶೈಲತ್ತೆ: ಫೋಟೊ ಹುಡುಕಿ ನಾಳೆ ಹಾಕುತ್ತೇನೆ ಮಂಜು.

ನಾನು: ಚಿಕ್ಕಮ್ಮಾ, ಕಾಯಬೇಡಿ. ವಿನಯ ಹೇಳಿದ ಅಧ್ಯಯನದಲ್ಲಿ ಇದ್ದವರು ಬರೀ ಗಂಡಸರು. ಹೆಂಗಸರಿಗೆ ತೊಡೆಯ ಬುಡದಲ್ಲಿ ಬರುವ ಹರ್ನಿಯಾ ಬೇರೆ ಇರಬಹುದು. ಅದರ ದಾರಿ ಕಿರಿದು, ಕರುಳು ಬೇಗ ಸಿಕ್ಕಿಕೊಳ್ಳುತ್ತದೆ. ಬೇರೇನೋ ಗಂಟೂ ಆಗಿರಬಹುದು. ಮುಟ್ಟಿ, ಸ್ಕ್ಯಾನ್ ಮಾಡಿ ನೋಡಿದರೇ ಗೊತ್ತಾಗುವುದು. ನಾಳೆ ಒಪಿಡಿಗೆ ಬನ್ನಿ. ರಾತ್ರಿ ನೋವೋ ವಾಂತಿಯೋ ಬಂದರೆ ನಾಳೆಗೂ ಕಾಯಬೇಡಿ.

ಲಲಿತಾ ಚಿಕ್ಕಮ್ಮ: ನಾಳೆ ತೋಟಕ್ಕೆ ಆಳುಗಳು ಬರುತ್ತಾರೆ. ಅಡುಗೆ ಆಗಬೇಕಲ್ಲ.

ಸೀತಾರಾಮ ಚಿಕ್ಕಪ್ಪ: ಅಡುಗೆ ನಾನು ನೋಡಿಕೊಳ್ಳುತ್ತೇನೆ. ನೀನು ಎಂಟೂವರೆ ಬಸ್ಸಿಗೆ ಹೊರಡು.