ಪದ್ಮಿನಿಗೆ ಆಯಿಲ್ ಪ್ರೆಷರ್ ಮೀಟರ್ ಕೂರಿಸ್ಬೇಕು, ಮೇಸ್ತ್ರಿಗಳು ಸ್ವಲ್ಪ ಹೇಳಿಕೊಡಿ

ಪ್ರಶ್ನೆ (ಮೂಡಿಗೆರೆ): ಮೇಸ್ತ್ರಿಗಳಿಗೆ ನಮಸ್ಕಾರ. ನಮ್ಮದು 1986ರ ಪ್ರೀಮಿಯರ್ ಪದ್ಮಿನಿ, ಅಪ್ಪ ಹೊಸದಾಗಿ ತಗೊಂಡಿದ್ದು, ಈಗ ಅಪ್ಪ ಇಲ್ಲ, ಗಾಡಿ ಮಾತ್ರ ನನ್ನ ಹತ್ರ ಇದೆ, ಕೊಡೋ ಮಾತೇ ಇಲ್ಲ. ಮಳೆಗಾಲ ಬಿಟ್ಟು ತಿಂಗಳಿಗೆ ಎರಡು ಸಲ ಓಡಿಸ್ತೀನಿ. ಹೋದ ತಿಂಗಳು ಧರ್ಮಸ್ಥಳದಿಂದ ವಾಪಸ್ ಬರೋವಾಗ ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರದಲ್ಲಿ ಟೀಗೆ ನಿಲ್ಲಿಸಿದಾಗ, ಇಂಜಿನ್ ಸ್ಲೋನಲ್ಲಿ ಇದ್ದಾಗ ಆ ಕೆಂಪು ಆಯಿಲ್ ಲೈಟು ಮಿಣಿಮಿಣಿ ಅಂತ ಹೊತ್ಕೊಳ್ತು, ಒಂಚೂರು ರೇಸ್ ಕೊಟ್ರೆ ಆರಿಹೋಯ್ತು. ಮನೆಗೆ ಬಂದು ತಣ್ಣಗಾದ ಮೇಲೆ ಸ್ಟಾರ್ಟ್ ಮಾಡಿದ್ರೆ ಏನೂ ಇಲ್ಲ. ಆಯಿಲ್ ಅಂತೂ ಒಂದು ತೊಟ್ಟೂ ಕುಡಿಯಲ್ಲ, ಸ್ಟಿಕ್ಕಲ್ಲಿ ಯಾವಾಗ ನೋಡಿದ್ರೂ ಮೇಲಿನ ಗೆರೆಯಿಂದ ಮೇಲೇನೇ ಇರತ್ತೆ. ಸ್ನೇಹಿತರೊಬ್ರು ಮೆಕ್ಯಾನಿಕಲ್ ಪ್ರೆಷರ್ ಮೀಟರ್ ಹಾಕಿಸ್ಕೋ, ಎಲ್ಲಾ ಗೊತ್ತಾಗತ್ತೆ ಅಂದ್ರು. ಅಂಗಡೀಲಿ ಕಿಟ್ ನೋಡ್ದೆ, 0ರಿಂದ 100 ಪಿಎಸ್‌ಐ (ಒತ್ತಡದ ಅಳತೆ) ಡಯಲ್ಲು, ಜೊತೆಗೆ ಒಂದು ಬಿಳಿ ಪ್ಲಾಸ್ಟಿಕ್ ಪೈಪು. ನಾನೇ ಹಾಕ್ಬೋದಾ? ಎಲ್ಲಿಂದ ಲೈನ್ ತಗೋಬೇಕು? ಕಾರ್ ಒಳಗೆ ಬಿಸಿ ಆಯಿಲ್ ಬರತ್ತೆ ಅಂತ ಮನೆಯವಳು ಹೆದರ್ತಾಳೆ.

ಉತ್ತರ (ಮೇಸ್ತ್ರಿ, ಮೈಸೂರು): ನಮಸ್ಕಾರ ಸರ್. ಅಪ್ಪನ ಗಾಡಿ ಇಟ್ಕೊಂಡಿದೀರಲ್ಲ, ಕೇಳಿ ಖುಷಿ ಆಯ್ತು. ಹಾಕ್ಬೋದು, ನೀವೇ ಹಾಕ್ಬೋದು, ಪಾನ ಹಿಡಿದು ಅಭ್ಯಾಸ ಇದ್ರೆ ಅರ್ಧ ದಿನದ ಕೆಲಸ. ಆದ್ರೆ ಆತುರ ಬೇಡ, ಸ್ವಲ್ಪ ಉದ್ದ ಬರೀತೀನಿ, ಪೂರ್ತಿ ಓದಿ.

ಮೊದ್ಲು ಆ ಕೆಂಪು ಲೈಟಿನ ವಿಷ್ಯ. ಅದಕ್ಕೆ ಬ್ಲಾಕ್‌ನಲ್ಲಿ ಒಂದು ಸಣ್ಣ ಸ್ವಿಚ್ ಇದೆ, ಅಷ್ಟೆ. ಪ್ರೆಷರ್ ಸುಮಾರು 4ರಿಂದ 7 ಪಿಎಸ್‌ಐಗಿಂತ ಕೆಳಗೆ ಬಿದ್ರೆ ಮಾತ್ರ ಅದು ಅರ್ತ್ ಆಗಿ ಲೈಟ್ ಹೊತ್ತತ್ತೆ. ಅಂದ್ರೆ 50 ಇರಬೇಕಾದ ಕಡೆ 12 ಇದ್ರೂ ಲೈಟ್ ಸುಮ್ನೇ ಇರತ್ತೆ. ನೀವು 60ರಲ್ಲಿ ಘಾಟಿ ಹತ್ತುತಾ ಬೇರಿಂಗ್ ಸವೀತಾ ಇದ್ರೂ ಅದು ಬಾಯಿ ಬಿಡಲ್ಲ, ಬಿಡೋ ಹೊತ್ತಿಗೆ ಕೆಲಸ ಕೆಟ್ಟಿರತ್ತೆ. ಮೀಟರ್ ಬೇಕು ಅನ್ನೋದು ಅದಕ್ಕೆ. ಹಾಗಂತ ಲೈಟ್ ತೆಗೆದು ಮೀಟರ್ ಹಾಕ್ಬೇಡಿ, ಎರಡೂ ಇರಲಿ. ಓಡಿಸೋವಾಗ ಕಣ್ಣು ರೋಡ್ ಮೇಲೆ ಇರತ್ತೆ, ಮುಳ್ಳು ಬಿದ್ದಿದ್ದು ಕಾಣಲ್ಲ, ಕೆಂಪು ಲೈಟು ಕಾಣತ್ತೆ.

ಮೆಕ್ಯಾನಿಕಲ್ ಮೀಟರ್ ಒಳಗೆ ಕರೆಂಟ್ ಕೆಲಸ ಏನೂ ಇಲ್ಲ. ಬಾಗಿಸಿದ ಒಂದು ಚಪ್ಪಟೆ ಟ್ಯೂಬ್ ಇರತ್ತೆ, ಬೂರ್ಡನ್ ಟ್ಯೂಬ್ ಅಂತ, 1849ರಲ್ಲಿ ಫ್ರಾನ್ಸಿನ ಬೂರ್ಡನ್ ಅನ್ನೋರು ಪೇಟೆಂಟ್ ತಗೊಂಡಿದ್ದು. ಒಳಗೆ ಆಯಿಲ್ ಒತ್ತಡ ಬಿದ್ರೆ ಆ ಟ್ಯೂಬ್ ನೆಟ್ಟಗಾಗೋಕೆ ನೋಡತ್ತೆ, ಆ ಎಳೆತಕ್ಕೆ ಮುಳ್ಳು ತಿರುಗತ್ತೆ. ಜಾತ್ರೇಲಿ ಮಕ್ಕಳು ಊದ್ತಾರಲ್ಲ, ಊದಿದ್ರೆ ಸುರುಳಿ ಬಿಚ್ಕೊಳ್ಳೋ ಪೀಪಿ, ಅದೇ ಲೆಕ್ಕ. 170 ವರ್ಷ ಆದ್ರೂ ಇನ್ನೂ ಅದೇ ನಡೀತಾ ಇದೆ ಅಂದ್ರೆ ನಂಬಿಕೆಯ ಸಾಮಾನು.

ಈಗ ಲೈನ್. ಲೈಟಿನ ಸ್ವಿಚ್ ಬಿಚ್ಚಿ, ಅಲ್ಲಿ ಒಂದು ಹಿತ್ತಾಳೆ ಟೀ ಜಾಯಿಂಟ್ ಹಾಕಿ, ಒಂದು ಬಾಯಿಗೆ ಹಳೇ ಸ್ವಿಚ್, ಇನ್ನೊಂದಕ್ಕೆ ಮೀಟರ್ ಪೈಪ್. ಸ್ವಿಚ್ ಯಾವುದು ಅಂತ ಗೊತ್ತಾಗ್ದಿದ್ರೆ, ಒಂದೇ ವೈರ್ ಇರೋ ಸಣ್ಣ ಸ್ವಿಚ್ಚಿನ ವೈರ್ ಎಳೆದು, ಇಗ್ನಿಷನ್ ಆನ್ ಮಾಡಿ ಬಾಡಿಗೆ ಮುಟ್ಸಿ, ಲೈಟ್ ಹೊತ್ಕೊಂಡ್ರೆ ಅದೇ.

ಇಲ್ಲೇ ಎಲ್ರೂ ತಪ್ಪು ಮಾಡೋದು, ದಯವಿಟ್ಟು ಗಮನ ಕೊಡಿ. ಕಿಟ್ ಜೊತೆ ಬರೋ ನಿಪ್ಪಲ್ ಸಾಮಾನ್ಯವಾಗಿ 1/8 ಎನ್‌ಪಿಟಿ ಥ್ರೆಡ್. 1/8 ಬಿಎಸ್‌ಪಿ ಅಂತ ಇನ್ನೊಂದಿದೆ, 10 ಎಂಎಂಗೆ 1 ಪಿಚ್ ಮೆಟ್ರಿಕ್ ಅಂತ ಮತ್ತೊಂದು. ಕೈಯಲ್ಲಿ ಹಿಡಿದ್ರೆ ಮೂರೂ ಒಂದೇ ಥರ ಕಾಣತ್ತೆ. ಎನ್‌ಪಿಟಿಗೆ ಇಂಚಿಗೆ 27 ಸುತ್ತು, ಬಿಎಸ್‌ಪಿಗೆ 28, ಮೆಟ್ರಿಕ್‌ದು ಲೆಕ್ಕ ಹಾಕಿದ್ರೆ 25 ಚಿಲ್ರೆ. ತಪ್ಪು ಹಾಕಿದ್ರೂ ಎರಡು ಸುತ್ತು ಸಲೀಸಾಗಿ ಹೋಗತ್ತೆ, ಮೂರನೇದಕ್ಕೆ ಬಿಗಿ ಆಗತ್ತೆ, ನೀವು ಓಹೋ ಟೈಟ್ ಆಯ್ತು ಅಂತ ಪಾನ ಹಾಕಿ ಎಳೀತೀರಿ, ಬ್ಲಾಕ್ ಥ್ರೆಡ್ ಹೋಯ್ತು. ಹಳೇ ಸ್ವಿಚ್ ಕೈಯಲ್ಲಿ ಹಿಡ್ಕೊಂಡು ಹೋಗಿ, ಪಿಚ್ ಗೇಜ್ ಇಟ್ಟು ನೋಡೋ ಅಂಗಡಿಗೇ ಹೋಗಿ. ಬೆಂಗಳೂರಿಗೆ ಹೋಗೋರಿದ್ರೆ ಜೆ.ಸಿ. ರೋಡಲ್ಲಿ ಹುಡುಕಬಹುದು, ಇಲ್ಲಾಂದ್ರೆ ನಿಮ್ಮೂರಲ್ಲೇ ಲೇತ್ ಅಂಗಡೀಲಿ ಹಿತ್ತಾಳೆ ಅಡಾಪ್ಟರ್ ತಿರುಗಿಸ್ಕೊಡಿ ಅಂದ್ರೆ ಮಾಡ್ಕೊಡ್ತಾರೆ. ಅದೇ ಅಡಾಪ್ಟರ್ ಒಳಗೆ ತೂತು 1 ಎಂಎಂ ಮಾತ್ರ ಬಿಡೋಕೆ ಹೇಳಿ. ಮುಳ್ಳಿಗೆ ಅಷ್ಟು ಸಾಕು, ಮುಂದೆ ಯಾವತ್ತಾದ್ರೂ ಪೈಪ್ ಒಡೆದ್ರೂ ಆಯಿಲ್ ಚಿಮ್ಮಲ್ಲ, ಸಣ್ಣಗೆ ಬರತ್ತೆ, ಗಾಡಿ ನಿಲ್ಲಿಸೋಕೆ ಟೈಮ್ ಸಿಗತ್ತೆ.

ಟೆಫ್ಲಾನ್ ಟೇಪ್ ಹೆಚ್ಚು ಸುತ್ಬೇಡಿ. ತುದಿ ಎರಡು ಥ್ರೆಡ್ ಖಾಲಿ ಬಿಡಿ, ಇಲ್ಲಾಂದ್ರೆ ಚೂರು ಕಿತ್ಕೊಂಡು ಆಯಿಲ್ ದಾರಿಗೆ ಹೋಗತ್ತೆ. ಇನ್ನೊಂದು, ಆ ಸ್ವಿಚ್ಚಿಗೆ ಅರ್ತ್ ಸಿಗೋದೇ ಥ್ರೆಡ್ ಮೂಲಕ, ಟೇಪ್ ದಪ್ಪ ಆದ್ರೆ ಲೈಟ್ ಹೊತ್ತೋದೇ ಇಲ್ಲ. ಕೆಲಸ ಮುಗಿದ ಮೇಲೆ ಇಗ್ನಿಷನ್ ಆನ್ ಮಾಡಿ ಲೈಟ್ ಬರತ್ತಾ ಅಂತ ನೋಡಿಯೇ ಸ್ಟಾರ್ಟ್ ಮಾಡಿ.

ಕೊನೇದಾಗಿ ಪೈಪು. ನಿಮ್ಮನೆಯವರು ಹೆದರೋದು ಸರಿಯಾಗೇ ಇದೆ, ಅವರ ಮಾತು ಕೇಳಿ. ಡಯಲ್‌ಗೆ ದುಡ್ಡು ಸುರೀಬೇಡಿ, ಪೈಪಿಗೆ ಹಾಕಿ. ಪ್ಲಾಸ್ಟಿಕ್ ಪೈಪು ಹೊಗೆ ಹೋಗೋ ಬಿಸಿ ಮ್ಯಾನಿಫೋಲ್ಡ್‌ಗೆ ತಾಗಿದ್ರೆ ಕರಗತ್ತೆ, ತಾಗ್ದಿದ್ರೂ ನಾಕೈದು ವರ್ಷಕ್ಕೆ ಒಣಗಿ ಪಟ್ ಅನ್ನತ್ತೆ. ತಾಮ್ರದ ಟ್ಯೂಬ್ ಹಾಕಿ, ಆದ್ರೆ ನೆಟ್ಟಗೆ ಎಳೀಬೇಡಿ. ಇಂಜಿನ್ ಅಲ್ಲಾಡತ್ತೆ, ಬಾಡಿ ಅಲ್ಲಾಡಲ್ಲ, ಮಧ್ಯೆ ಇರೋ ತಾಮ್ರ ಬಗ್ಗಿ ಬಗ್ಗಿ ಗಡಸಾಗಿ ಬಿರುಕು ಬಿಡತ್ತೆ. ನಾನು ಹೊಸದರಲ್ಲಿ ಒಬ್ರ ಗಾಡಿಗೆ ಅಂದವಾಗಿರ್ಲಿ ಅಂತ ಸ್ಕೇಲ್ ಇಟ್ಟಂಗೆ ನೆಟ್ಟಗೆ ಎಳೆದಿದ್ದೆ. ಏಳು ತಿಂಗಳಿಗೆ ನಿಪ್ಪಲ್ ಹತ್ರಾನೇ ಕೂದಲೆಳೆ ಅಷ್ಟು ಬಿರುಕು, ನಂಜನಗೂಡು ರೋಡಲ್ಲಿ ಬಾನೆಟ್ ಒಳಗೆಲ್ಲಾ ಆಯಿಲ್ ಮಂಜು. ಅವತ್ತಿಂದ ಬ್ಲಾಕ್ ಮತ್ತೆ ಬಾಡಿ ಮಧ್ಯೆ ಎರಡು ಇಂಚಗಲದ ಎರಡು ಸುತ್ತು ಸುರುಳಿ ಬಿಡದೆ ಪೈಪ್ ಕೂರಿಸಿಲ್ಲ. ಬಾಗಿಸೋ ಮುಂಚೆ ತಾಮ್ರವನ್ನ ಮಂದ ಕೆಂಪಾಗೋವರೆಗೂ ಕಾಯಿಸಿ ನೀರಿಗೆ ಅದ್ದಿ, ಮೆತ್ತಗಾಗತ್ತೆ. ಉಕ್ಕನ್ನ ಕಾಯಿಸಿ ಅದ್ದಿದ್ರೆ ಗಡಸಾಗತ್ತೆ, ತಾಮ್ರ ಉಲ್ಟಾ. ಫೈರ್‌ವಾಲ್ (ಇಂಜಿನ್‌ಗೂ ಕಾರ್ ಒಳಗಿಗೂ ಮಧ್ಯೆ ಇರೋ ತಗಡು) ತೂತಿಗೆ ರಬ್ಬರ್ ಗ್ರಾಮೆಟ್, ಅಂದ್ರೆ ರಬ್ಬರ್ ಬಳೆ, ಕಡ್ಡಾಯ, ತಗಡು ಪೈಪನ್ನ ಗರಗಸದ ಥರ ಕೊಯ್ಯತ್ತೆ.

ಆಮೇಲೆ ಒಂದು ಮಾತು ಸರ್. ಆಯಿಲ್ ಕುಡಿಯಲ್ಲ, ಗೆರೆಯಿಂದ ಮೇಲೇ ಇರತ್ತೆ ಅಂದ್ರಲ್ಲ, ಅದು ನಂಗೆ ಕಿವೀಲಿ ಕೂತ್ಬಿಡ್ತು. ಸುಮಾರು 40 ವರ್ಷದ ಇಂಜಿನ್ ಒಂದು ತೊಟ್ಟೂ ಕುಡಿಯಲ್ಲ ಅಂದ್ರೆ, ಏನೋ ಬೇರೇದು ಒಳಗೆ ಸೇರ್ತಾ ಇದೆ. ಮೀಟರ್ ತರೋ ಮುಂಚೆ ಸ್ಟಿಕ್ ಎಳೆದು ಮೂಗಿಗೆ ಹಿಡೀರಿ. ಪೆಟ್ರೋಲ್ ವಾಸನೆ ಬಂದ್ರೆ ಗಾಡಿ ಸ್ಟಾರ್ಟ್ ಮಾಡ್ಬೇಡಿ, ಇಲ್ಲಿ ತಿಳಿಸಿ.

ಪ್ರಶ್ನೆ (ಹುಬ್ಬಳ್ಳಿ): ಅಣ್ಣಾರ, ನಮ್ದು ಹಳೇ ಪೆಟ್ರೋಲ್ ಅಂಬಾಸಿಡರ್ ಐತ್ರಿ, 1489 ಸಿಸಿ. ಇದಕ್ಕೂ ಹಿಂಗ ಏನು? ಮತ್ತ ಕರೆಂಟಿನ ಮೀಟರ್ ಹಾಕಿದ್ರ ಪೈಪಿನ ತಲಿಬ್ಯಾನೀನ ಇಲ್ಲ ಅಂತಾರಲ್ರಿ, ಅದು ಛಲೋ ಅಲ್ಲೇನು?

ಉತ್ತರ (ಮೇಸ್ತ್ರಿ): ಅಣ್ಣಾ, ನಿಮ್ಮ ಇಂಜಿನ್ ಬಿಎಂಸಿ ಕಂಪನಿಯವರ ಬಿ ಸೀರೀಸ್, ಇಂಗ್ಲೆಂಡಿನ ಎಂಜಿಬಿ ಕಾರಿಂದೂ ಅದೇ ವಂಶ, ಅದು 1798 ಸಿಸಿ ಅಷ್ಟೆ. ಟೀ ಹಾಕೋ ರೀತಿ ಒಂದೇ, ಥ್ರೆಡ್ ಮಾತ್ರ ನಿಮ್ದು ಇಂಗ್ಲಿಷ್ ಗಾಡಿ ಲೆಕ್ಕ, ಅಳೆದೇ ತಗೊಳ್ಳಿ.

ಕರೆಂಟಿನದು ಕೆಟ್ಟದ್ದೇನಲ್ಲ, ಕಾರ್ ಒಳಗೆ ಆಯಿಲ್ ಬರಲ್ಲ ಅನ್ನೋದು ದೊಡ್ಡ ಸಮಾಧಾನ. ಆದ್ರೆ ಅದರ ಸೆಂಡರ್, ಅಂದ್ರೆ ಒತ್ತಡ ಅಳೆದು ವೈರಲ್ಲಿ ಕಳಿಸೋ ಡಬ್ಬಿ, ದಪ್ಪಗಿರತ್ತೆ, ಅದನ್ನ ಸಣ್ಣ ಹಿತ್ತಾಳೆ ಟೀ ತುದಿಗೆ ನೇತು ಹಾಕಿದ್ರೆ ಇಂಜಿನ್ ನಡುಕಕ್ಕೆ ಟೀ ಕತ್ತೇ ಮುರಿಯತ್ತೆ. ಹಾಕೋದಾದ್ರೆ ಬ್ಲಾಕಿಂದ ಸಣ್ಣ ಬ್ರೇಡೆಡ್ ಹೋಸ್ ತಂದು ಸೆಂಡರನ್ನ ಬಾಡಿಗೆ ಕ್ಲ್ಯಾಂಪ್ ಮಾಡಿ, ಅರ್ತ್ ವೈರ್ ಬೇರೆ ಕೊಡಿ. ಹಳೇ ಗಾಡೀಲಿ ಅರ್ತ್ ಸಡಿಲ ಆದ್ರೆ ಮುಳ್ಳು ಸುಳ್ಳು ಹೇಳತ್ತೆ. ನನ್ನ ಕೇಳಿದ್ರೆ ಮೆಕ್ಯಾನಿಕಲ್ಲೇ.

ಪ್ರತಿಕ್ರಿಯೆ (ಇಂಗ್ಲೆಂಡಿನ ಕೊವೆಂಟ್ರಿಯಿಂದ ಒಬ್ಬ ಕನ್ನಡಿಗ): ಎಂಜಿಬಿ ಹೆಸರು ಬಂತಲ್ಲ ಅಂತ ಬರೀತಿದೀನಿ, ನನ್ನ ಹತ್ರ 1966ರದ್ದು ಒಂದಿದೆ. ಅದರಲ್ಲಿ ಬ್ಲಾಕ್ ಹಿಂದಿಂದ ಒಂದು ಸಣ್ಣ ರಬ್ಬರ್ ಹೋಸ್ ಬಂದು ಆಮೇಲೆ ಪೈಪ್ ಶುರುವಾಗತ್ತೆ. ಆ ರಬ್ಬರ್ ಹೊರಗಿಂದ ಚೆನ್ನಾಗೇ ಕಾಣ್ತಿತ್ತು, ಬೆರಳಲ್ಲಿ ಬಾಗಿಸಿದ್ರೆ ಹಳೇ ಚಪ್ಪಲಿ ಥರ ಬಿರುಕು ಬಿರುಕು. ಇನ್ನೊಂದು ಅನುಮಾನ ಮೇಸ್ತ್ರಿಗಳೇ, ನನ್ನದು ಪಾಸಿಟಿವ್ ಅರ್ತ್ ಗಾಡಿ (ಬ್ಯಾಟರಿ ಪಾಸಿಟಿವ್ ಬಾಡಿಗೆ ಸೇರಿರೋದು), ಮೀಟರ್ ಬದಲಾಯಿಸಿದ್ರೆ ತೊಂದರೆ ಇದೆಯಾ?

ಉತ್ತರ (ಮೇಸ್ತ್ರಿ): ಒತ್ತಡಕ್ಕೆ ಪಾಸಿಟಿವ್ ನೆಗೆಟಿವ್ ಏನೂ ಇಲ್ಲ ಸರ್, ಮೀಟರ್ ಒಳಗಿನ ಬಲ್ಬ್ ಕೂಡ ಹೇಗೆ ಕೊಟ್ರೂ ಉರಿಯತ್ತೆ, ಎಲ್‌ಇಡಿ ಹಾಕಿದ್ರೆ ಮಾತ್ರ ನೋಡ್ಕೊಳ್ಳಿ. ರಬ್ಬರ್ ಹೋಸ್ ಬಗ್ಗೆ ಒಳ್ಳೇ ಮಾತು ಹೇಳಿದ್ರಿ, ಎಲ್ರೂ ಬಾಗಿಸಿ ನೋಡಿ. ಇಂಜಿನ್ ಆಫ್ ಇದ್ದಾಗ.

ಪ್ರಶ್ನೆ (ಶಿವಮೊಗ್ಗ): ಸರ್ ನಮಸ್ತೆ. ತಮ್ಮನ ಫಿಯಟ್‌ಗೆ ಮೀಟರ್ ಹಾಕ್ಸಿದೀವಿ, ಪೈಪ್ ಒಳಗೆ ಗಾಳಿ ಗುಳ್ಳೆ ಕಾಣತ್ತೆ, ಅದರಿಂದ ರೀಡಿಂಗ್ ತಪ್ಪಾಗತ್ತಾ? ಬೆಳಿಗ್ಗೆ 60 ಅನ್ನತ್ತೆ, ಶಿಕಾರಿಪುರಕ್ಕೆ ಹೋಗಿ ಬಂದ್ಮೇಲೆ ಸ್ಲೋನಲ್ಲಿ 14. ಎಷ್ಟಿದ್ರೆ ಸರಿ? ರಿಲೀಫ್ ವಾಲ್ವ್ ಸ್ಪ್ರಿಂಗಿಗೆ ವಾಷರ್ ಹಾಕಿದ್ರೆ ಜಾಸ್ತಿ ಆಗತ್ತೆ ಅಂತ ಯಾರೋ ಅಂದ್ರು.

ಉತ್ತರ (ಮೇಸ್ತ್ರಿ): ಮೇಡಂ, ಗಾಳಿ ಇದ್ರೆ ಮುಳ್ಳು ಸ್ವಲ್ಪ ನಿಧಾನಕ್ಕೆ ಏಳತ್ತೆ, ರೀಡಿಂಗ್ ತಪ್ಪಾಗಲ್ಲ. ಆ ಪೈಪಲ್ಲಿ ಆಯಿಲ್ ಹರಿಯಲ್ಲ, ನಿಂತಿರತ್ತೆ, ಒತ್ತಡ ಈ ತುದೀಲಿ ಎಷ್ಟೋ ಆ ತುದೀಲೂ ಅಷ್ಟೇ. ತೆಗೀಬೇಕು ಅನ್ಸಿದ್ರೆ ಕಾಯಿಲ್ ವೈರ್ ಕಿತ್ತು, ಮೀಟರ್ ಹಿಂದಿನ ನಟ್ ಅರ್ಧ ಸುತ್ತು ಸಡಿಲ ಮಾಡಿ, ಕೆಳಗೆ ಬಟ್ಟೆ ಹಿಡಿದು ಸೆಲ್ಫ್ ಹೊಡೀರಿ, ಗುಳ್ಳೆ ಹೋಗಿ ಆಯಿಲ್ ಬಂದ ತಕ್ಷಣ ಬಿಗಿ ಮಾಡಿ.

ಹಳೇ ಇಂಜಿನ್‌ಗೆ ನಾವು ಇಟ್ಕೊಂಡಿರೋ ಕೈಲೆಕ್ಕ, ಬಿಸಿ ಇಂಜಿನ್‌ಗೆ ಪ್ರತಿ 1000 ಆರ್‌ಪಿಎಂಗೆ 10 ಪಿಎಸ್‌ಐ. ಸ್ಲೋನಲ್ಲಿ 14 ಇದ್ದು ಓಡ್ತಾ 40ರ ಮೇಲೆ ಹೋದ್ರೆ ಆರಾಮಾಗಿ ನಿದ್ದೆ ಮಾಡಿ. ಬೆಳಿಗ್ಗೆ 60 ಬರೋದು ತಣ್ಣಗಿನ ಆಯಿಲ್ ದಪ್ಪ ಇರೋದಕ್ಕೆ. ಮೀಟರಲ್ಲಿ ಕೆಜಿ (ಚದರ ಸೆಂಟಿಮೀಟರ್‌ಗೆ) ಇದ್ರೆ 1 ಕೆಜಿ ಅಂದ್ರೆ 14 ಚಿಲ್ರೆ ಪಿಎಸ್‌ಐ.

ವಾಷರ್ ಮಾತ್ರ ಹಾಕ್ಬೇಡಿ, ಕೈ ಮುಗೀತೀನಿ. ಆ ವಾಲ್ವ್ ಕೆಲಸ ಮೇಲಿನ ಮಿತಿ ಕಾಯೋದು, ಸ್ಲೋನಲ್ಲಿ ಅದು ಮುಚ್ಚೇ ಇರತ್ತೆ. ಕಸ ಸಿಕ್ಕಿ ಬಾಯಿ ತೆರೆದು ಕೂತಿದ್ರೆ ಬಿಚ್ಚಿ ತೊಳೀಬೇಕು, ಅದು ಬೇರೆ. ಸ್ಲೋನಲ್ಲಿ ಪ್ರೆಷರ್ ಬೀಳೋದು ಬೇರಿಂಗ್ ಸವೆದು, ಇಲ್ಲ ಆಯಿಲ್ ಪಂಪ್ ಗೇರ್ ಸವೆದು, ಇಲ್ಲ ಆಯಿಲ್ ತೆಳ್ಳಗಾಗಿ. ವಾಷರ್ ಹಾಕೋದು ಜ್ವರ ಬಂದಾಗ ಥರ್ಮಾಮೀಟರ್‌ನ ಐಸಲ್ಲಿ ಇಟ್ಟಂಗೆ.

ಪ್ರತಿಕ್ರಿಯೆ (ಮೂಡಿಗೆರೆ, ಎಂಟು ದಿನದ ಮೇಲೆ): ಮೇಸ್ತ್ರಿಗಳೇ, ನಿಮ್ಮ ಮೂಗು ದೊಡ್ಡದು! ಸ್ಟಿಕ್ ಎಳೆದು ಮೂಸಿದ್ರೆ ಪೆಟ್ರೋಲ್ ಬಂಕ್ ವಾಸನೆ. ಎರಡು ಬೆರಳಿನ ಮಧ್ಯೆ ಉಜ್ಜಿದ್ರೆ ಜಿಡ್ಡೇ ಇಲ್ಲ, ಸೀಮೆಎಣ್ಣೆ ಥರ ಜಾರ್ತಿತ್ತು. ಮೆಕ್ಯಾನಿಕ್ ಬಂದು ಎಸಿ ಪಂಪ್ (ಪೆಟ್ರೋಲ್ ಎಳೆಯೋ ಪಂಪ್) ಬಿಚ್ಚಿದ್ರೆ ಒಳಗಿನ ಡಯಾಫ್ರಂ ಪೊರೆ ಅಂಚಲ್ಲಿ ಅಕ್ಕಿಕಾಳಷ್ಟು ಹರಿದಿತ್ತು, ಅಲ್ಲಿಂದ ಪೆಟ್ರೋಲ್ ಸೀದಾ ಆಯಿಲ್ ಚೇಂಬರ್‌ಗೆ ಇಳೀತಿತ್ತಂತೆ. ಡಯಾಫ್ರಂ ಕಿಟ್ ಹಾಕಿ, ಆಯಿಲ್, ಫಿಲ್ಟರ್ ಎರಡೂ ಹೊಸದು, 20ಡಬ್ಲ್ಯೂ-40 ಹಾಕಿದ್ವಿ. ಮೀಟರ್ರೂ ಕೂರಿಸ್ದೆ, ಲೇತ್ ಅಂಗಡಿಯವರ ಹತ್ರ 1 ಎಂಎಂ ತೂತಿನ ಅಡಾಪ್ಟರ್ ಮಾಡ್ಸಿ, ತಾಮ್ರದ ಪೈಪು, ಎರಡು ಸುತ್ತು ಸುರುಳಿ, ಡ್ಯಾಶ್‌ಬೋರ್ಡ್ ಕೊರೀದೆ ಕೆಳಗೆ ಸಣ್ಣ ಬ್ರ್ಯಾಕೆಟಲ್ಲಿ. ಅಪ್ಪನ ಡ್ಯಾಶ್‌ಬೋರ್ಡ್‌ಗೆ ತೂತು ಹಾಕೋಕೆ ಮನಸ್ಸು ಬರ್ಲಿಲ್ಲ. ನಿನ್ನೆ ಮತ್ತೆ ಚಾರ್ಮಾಡಿ ಹತ್ತಿದ್ವಿ. ಹತ್ತೋವಾಗ 42, ಕೊಟ್ಟಿಗೆಹಾರದಲ್ಲಿ ಸ್ಲೋನಲ್ಲಿ 15. ಮಂಜು ಕವಿದಿತ್ತು, ಹೆಂಡತಿ ಟೀ ಕುಡೀತಾ ಮುಳ್ಳನ್ನೇ ನೋಡ್ತಾ ಕೂತಿದ್ಲು. ಇನ್ನೇನಾದ್ರೂ ನೋಡ್ಬೇಕಾ?

ಉತ್ತರ (ಮೇಸ್ತ್ರಿ): ತುಂಬಾ ಸಂತೋಷ ಆಯ್ತು ಸರ್, ಬೇರಿಂಗ್ ಉಳೀತು. ಈ ಆಯಿಲನ್ನ 500 ಕಿಲೋಮೀಟರ್‌ಗೇ ಚೆಲ್ಲಿ, ಹಳೇ ಪೆಟ್ರೋಲ್ ಮಿಶ್ರ ಮೂಲೇಲಿ ಉಳಿದಿರತ್ತೆ. ಟೀ ಜಾಯಿಂಟ್ ಸುತ್ತ ಒಂದು ಬಿಳಿ ಬಟ್ಟೆ ಚೂರು ಒರೆಸಿ ನೋಡಿ, ವಾರಕ್ಕೊಂದು ಸಲ, ಒಂದು ತಿಂಗಳು. ಕಲೆ ಬಂದ್ರೆ ಕಾಲು ಸುತ್ತು ಬಿಗಿ ಮಾಡಿ, ಅದಕ್ಕಿಂತ ಜಾಸ್ತಿ ಬೇಡ, ಹಿತ್ತಾಳೆ ತಡ್ಕೊಳಲ್ಲ. ಮನೆಯವರಿಗೆ ಹೇಳಿ, 15 ಅನ್ನೋ ನಂಬರ್ ನೆನಪಿಟ್ಕೊಳ್ಳಿ ಅಂತ, ಅದೇ ಜಾಗ ಅದೇ ಬಿಸೀಲಿ ಅದು 10ಕ್ಕೆ ಇಳಿದ್ರೆ ಮತ್ತೆ ಸ್ಟಿಕ್ ಮೂಸ್ಬೇಕು.