ಪದಚರ್ಚೆ: ಗೌಪ್ಯತೆ, ಖಾಸಗಿತನ – ನಿಮ್ಮ ಕಡೆ ಇದಕ್ಕೆ ಏನನ್ನುತ್ತೀರಿ?

ಎಲ್ಲರಿಗೂ ನಮಸ್ಕಾರ.

ಒಂದು ಪದಕ್ಕೆ ಸಿಕ್ಕಿಹಾಕಿಕೊಂಡು ನಾಲ್ಕು ದಿನ ಆಯಿತು. ಶಿವಮೊಗ್ಗ ಜಿಲ್ಲೆಯ ಸಾಗರ ಪೇಟೆಯ ಹತ್ತಿರದ ನಮ್ಮೂರಲ್ಲಿ ಒಂದು ಸಣ್ಣ ಸಹಕಾರ ಸಂಘ ಇದೆ. ಸದಸ್ಯರ ಹೆಸರು, ಫೋನ್ ನಂಬರು, ಆಧಾರ್, ಪಹಣಿ, ಬ್ಯಾಂಕ್ ಖಾತೆ ಎಲ್ಲವನ್ನೂ ಕಂಪ್ಯೂಟರಿಗೆ ಏರಿಸುತ್ತಿದ್ದಾರೆ. ಅದಕ್ಕೆ ಮೊದಲು ಸದಸ್ಯರಿಗೆ ಒಂದು ಪುಟದ ತಿಳಿವಳಿಕೆ ಪತ್ರ ಹಂಚಬೇಕಂತೆ. "ನೀವು ಪ್ರೂಫ್ ನೋಡೋರು, ಇದನ್ನೊಂದು ಕನ್ನಡ ಮಾಡಿಕೊಡಿ ಮಾರಾಯ್ರೆ" ಅಂತ ಕಾರ್ಯದರ್ಶಿಗಳು ಇಂಗ್ಲಿಷ್ ಹಾಳೆ ಕೈಗಿಟ್ಟರು. ಒಂದು ಗಂಟೆಯ ಕೆಲಸ ಅಂದುಕೊಂಡೆ. ಮೊದಲ ಸಾಲಿನಲ್ಲೇ ಪ್ರೈವೆಸಿ ಎಂಬ ಪದ ಇತ್ತು. ಇನ್ನೂ ಅಲ್ಲೇ ನಿಂತಿದ್ದೇನೆ.

ನಿಘಂಟಿನಲ್ಲಿ ಪದ ಇಲ್ಲ ಅಂತಲ್ಲ. ಗೌಪ್ಯತೆ, ಗೋಪ್ಯತೆ, ಖಾಸಗಿತನ, ಏಕಾಂತ, ಏನು ಬೇಕಾದರೂ ಸಿಗುತ್ತದೆ. ನನ್ನ ತೊಂದರೆ ಬೇರೆ. ಅದನ್ನು ಹೇಳಬೇಕಾದರೆ ರೇಷನ್ ಅಂಗಡಿಯಿಂದ ಶುರು ಮಾಡಬೇಕು.

ಅಡಿಕೆ ಸುಲಿಯುವ ಕಾಲದಲ್ಲಿ ಒಂದು ದಿನ ಚಿಕ್ಕಮ್ಮನ ಜೊತೆ ಅಲ್ಲಿಗೆ ಹೋಗಿದ್ದೆ. ತಿಂಗಳಿಡೀ ಹಸಿ ಅಡಿಕೆ ಸುಲಿದು ಅವಳ ಬೆರಳು ಕಪ್ಪಾಗಿ, ಸಿಪ್ಪೆ ಎದ್ದಿತ್ತು. ಮೆಷಿನ್ ಮೇಲೆ ಹೆಬ್ಬೆಟ್ಟು ಇಟ್ಟಳು, ತಗೊಳ್ಳಲಿಲ್ಲ. ಸೆರಗಿಗೆ ಒರೆಸಿಕೊಂಡು ಮತ್ತೆ ಇಟ್ಟಳು, ಇಲ್ಲ. ತೋರುಬೆರಳು, ಎಡಗೈ, ಯಾವುದೂ ಆಗಲಿಲ್ಲ. (ಹಿಂದೆ ಹೆಬ್ಬೆಟ್ಟು ಅಂದರೆ ಓದು ಬಾರದವರು ಅಂತ ಅರ್ಥ ಇತ್ತು. ಈಗ ಪ್ರೊಫೆಸರೂ ಹೆಬ್ಬೆಟ್ಟೇ.) ಕೊನೆಗೆ ಓಟಿಪಿ ಅಂದರು. ಅದು ಬರುವವರೆಗೆ ಅಂಗಡಿಯವರು ಕಂಪ್ಯೂಟರ್ ನೋಡುತ್ತಾ ಅಲ್ಲಿಂದಲೇ ಕೂಗಿ ಕೇಳಿದರು: "ಅಮ್ಮಾ, ಕಾರ್ಡಿಂದ ಮಗನ ಹೆಸರು ತೆಗೆಸಿದ್ದೀರಲ್ಲ, ಬೇರೆ ಆದ್ರಾ?" ಹಿಂದೆ ಇಪ್ಪತ್ತು ಜನರ ಸಾಲು. ಚಿಕ್ಕಮ್ಮ ಉತ್ತರ ಕೊಡದೆ ಓಟಿಪಿ ಹೇಳಿದಳು, ಅಕ್ಕಿ ಹಿಡಿದುಕೊಂಡು ಹೊರಟಳು.

ದಾರಿಯಲ್ಲಿ ಅವಳು ಹೇಳಿದ ಮಾತು ಇದು. "ನಮ್ಮನೇಲಿ ಗುಟ್ಟು ಎಂತದೂ ಇಲ್ಲ ಮಾರಾಯ. ಮಗ ಬೇರೆ ಆಗಿದ್ದು ಊರಿಗೇ ಗೊತ್ತು. ಆದ್ರೂ ಅಲ್ಲಿ ನಿಂತ್ಕಂಡು ಕೇಳ್ಬಾರ್ದಿತ್ತು."

ಊರಿಗೆಲ್ಲ ಗೊತ್ತಿರುವ ಸಂಗತಿ. ಆದರೂ ಅಲ್ಲಿ ಕೇಳಬಾರದಿತ್ತು. ಈ 'ಕೇಳಬಾರದಿತ್ತು' ಅನ್ನುವುದಕ್ಕೆ ಒಂದು ನಾಮಪದ ಬೇಕು ನನಗೆ.

ಮೊದಲು ಗೌಪ್ಯತೆಯನ್ನು ನೋಡೋಣ. ಗುಪ್ತ, ಗೋಪ್ಯ ಎಲ್ಲ ಒಂದೇ ಮನೆಯವು. ಮೂಲದ ಗುಪ್ ಧಾತುವಿಗೆ ಕಾಯುವುದು, ಬಚ್ಚಿಡುವುದು ಎಂಬ ಎರಡೂ ಅರ್ಥ ಇವೆ. ಕನ್ನಡಕ್ಕೆ ಬಂದು ಉಳಿದದ್ದು ಬಚ್ಚಿಡುವುದು ಮಾತ್ರ. ಗುಪ್ತಚರ, ಗುಪ್ತನಿಧಿ, ಗುಪ್ತರೋಗ, ಒಂದರಲ್ಲೂ ಒಳ್ಳೆಯ ವಾಸನೆ ಇಲ್ಲ! ಜೊತೆಗೆ, ವ್ಯಾಕರಣ ಬಲ್ಲವರು ಗೌಪ್ಯತೆ ಅಂದರೆ ಹುಬ್ಬು ಗಂಟಿಕ್ಕುತ್ತಾರೆ. ಗೌಪ್ಯ ಎಂಬುದೇ ಭಾವನಾಮವಾದ ಮೇಲೆ ಇನ್ನೊಂದು 'ತೆ' ಯಾಕೆ, ಐಕ್ಯತೆಯ ಹಾಗೆ ಇದೂ ಎರಡು ಸಲ ಪ್ರತ್ಯಯ ಹಚ್ಚಿದ ರೂಪ, ಗೋಪ್ಯತೆ ಅನ್ನಿ ಸಾಕು ಅನ್ನುವುದು ಅವರ ವಾದ. ಆ ಜಗಳ ನನಗೆ ಬೇಡ. ಬಳಕೆಯಲ್ಲಿ ನೆಲೆ ನಿಂತ ಪದವನ್ನು ಕಿತ್ತು ಹಾಕಲು ಆಗುವುದಿಲ್ಲ.

ನನ್ನ ತಕರಾರು ಬೇರೆ. ಹೊಸ ಮಂತ್ರಿಗಳು ರಾಜ್ಯಪಾಲರ ಎದುರು ಏನು ಸ್ವೀಕರಿಸುತ್ತಾರೆ? 'ಅಧಿಕಾರ ಮತ್ತು ಗೌಪ್ಯತೆಯ ಪ್ರಮಾಣ ವಚನ.' ಸರ್ಕಾರ ತನ್ನ ಕಡತಗಳನ್ನು ನಮ್ಮಿಂದ ಮುಚ್ಚಿಡುವುದಕ್ಕೂ ಗೌಪ್ಯತೆ. ಸರ್ಕಾರ ನಮ್ಮ ಮನೆಯೊಳಗೆ ಇಣುಕಬಾರದು ಅನ್ನುವುದಕ್ಕೂ ಗೌಪ್ಯತೆ. ಇಂಗ್ಲಿಷಿನಲ್ಲಿ ಸೀಕ್ರೆಸಿ, ಪ್ರೈವೆಸಿ ಅಂತ ಎರಡು ಬೇರೆ ಪದ. ನಾವು ಎರಡನ್ನೂ ಒಂದೇ ಚೀಲಕ್ಕೆ ತುಂಬಿದ್ದೇವೆ. ಆಮೇಲೆ ಯಾರಾದರೂ "ತಪ್ಪು ಮಾಡದವನಿಗೆ ಗೌಪ್ಯತೆ ಯಾಕ್ರೀ ಬೇಕು?" ಅಂದರೆ ಉತ್ತರ ಕೊಡುವುದು ಕಷ್ಟ. ಪದವೇ ಅವರ ಕಡೆ ಇದೆಯಲ್ಲ. ಚಿಕ್ಕಮ್ಮನಿಗೂ ಗೌಪ್ಯತೆ ಬೇಕಿರಲಿಲ್ಲ, ಬಚ್ಚಿಡುವಂಥದ್ದು ಅವಳ ಹತ್ತಿರ ಏನೂ ಇರಲಿಲ್ಲ.

ಇನ್ನು ಖಾಸಗಿತನ. ಖಾಸ್ ಎಂಬ ಅರಬ್ಬಿ ಪದ ಪಾರ್ಸಿ, ಮರಾಠಿ ದಾಟಿ ಬಂದು ಖಾಸಗಿ ಆಯಿತು, ಅದಕ್ಕೆ ನಮ್ಮ 'ತನ' ಹಚ್ಚಿದೆವು. ದೊಡ್ಡತನ, ಹುಡುಗುತನ ಇದ್ದ ಹಾಗೆ. ನನಗೆ ಈ ಪದ ಇಷ್ಟ. ಬಚ್ಚಿಡುವ ವಾಸನೆ ಇಲ್ಲ. ಒಂದೇ ಕೊರತೆ, ಖಾಸಗಿ ಅಂದ ಕೂಡಲೇ ನಮ್ಮ ಜನರಿಗೆ ಬೇರೆಯದೇ ನೆನಪಾಗುತ್ತದೆ. ಶಿವಮೊಗ್ಗದ ಖಾಸಗಿ ಬಸ್ ನಿಲ್ದಾಣ, ಖಾಸಗಿ ಶಾಲೆಯ ಫೀಸು. ಭದ್ರಾವತಿ ಕಡೆಯವರಂತೂ ಉಕ್ಕಿನ ಕಾರ್ಖಾನೆ, ಕಾಗದದ ಕಾರ್ಖಾನೆಗಳ ಖಾಸಗೀಕರಣದ ಸುದ್ದಿ ಕೇಳಿ ಕೇಳಿ ಸಾಕಾದವರು. 'ಖಾಸಗಿ ಹಕ್ಕು' ಅಂತ ಬರೆದು ಒಬ್ಬರಿಗೆ ತೋರಿಸಿದೆ. "ಯಾವ ಕಂಪನಿಗೆ ಕೊಟ್ರು?" ಅಂತ ಕೇಳಿದರು.

ಪದ ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಸುಪ್ರೀಂ ಕೋರ್ಟಿನದೇ ಒಂದು ಕಥೆ ಇದೆ. ಉತ್ತರ ಪ್ರದೇಶದ ಖರಕ್ ಸಿಂಗ್ ಎಂಬವರ ಮೇಲೆ ಪೊಲೀಸರು ನಿಗಾ ಇಟ್ಟಿದ್ದರು. ರಾತ್ರಿ ಬಂದು ಬಾಗಿಲು ತಟ್ಟಿ ಎಬ್ಬಿಸುವುದೂ ಅದರಲ್ಲಿ ಸೇರಿತ್ತು. 1962ರಲ್ಲಿ ಕೋರ್ಟು, ರಾತ್ರಿ ಹೊತ್ತು ಮನೆಗೆ ಹೋಗುವುದು ತಪ್ಪು ಅಂತ ಆ ನಿಯಮವನ್ನು ಹೊಡೆದುಹಾಕಿತು. ಅದೇ ಉಸಿರಿನಲ್ಲಿ, ಪ್ರೈವೆಸಿ ಎಂಬ ಹಕ್ಕನ್ನು ನಮ್ಮ ಸಂವಿಧಾನ ಕೊಟ್ಟಿಲ್ಲ ಅಂತಲೂ ಹೇಳಿತು. ಬಾಗಿಲನ್ನು ಒಪ್ಪಿಕೊಂಡರು, ಬಾಗಿಲಿಗೆ ಹೆಸರಿಡಲಿಲ್ಲ. ಹೆಸರು ಸಿಗಲು 2017ರ ಆಗಸ್ಟ್ 24 ಬರಬೇಕಾಯಿತು. ಆಧಾರ್ ವಿರುದ್ಧ 2012ರಲ್ಲಿ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ಪ್ರಕರಣದಲ್ಲಿ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಇದು ಮೂಲಭೂತ ಹಕ್ಕು ಅಂದರು. ಅರ್ಜಿದಾರರು ಕನ್ನಡಿಗರು, ಆ ಹಕ್ಕಿಗೆ ಕನ್ನಡದಲ್ಲಿ ಏನನ್ನಬೇಕು ಅಂತ ನಾವಿನ್ನೂ ತಡಕಾಡುತ್ತಿದ್ದೇವೆ.

ಬಾಗಿಲು ಅಂದೆನಲ್ಲ, ಅಲ್ಲಿಂದಲೇ ನನಗೊಂದು ದಾರಿ ಕಂಡಿತು. ಮಲೆನಾಡಿನ ಹಳೆ ಮನೆಗೆ ಹೋಗುವಾಗ ಮೊದಲು ಸಿಗುವುದು ಬೇಲಿಯ ಉಣುಗೋಲು. ಕೆಲವು ಕಡೆ ದಣಪೆ ಅನ್ನುತ್ತಾರೆ. ಎರಡು ಗೂಟ, ಅಡ್ಡಕ್ಕೆ ಸರಿಸುವ ಮೂರು ನಾಲ್ಕು ಗಳ. ಬೀಗ ಇಲ್ಲ. ದನ ದಾಟುವುದಿಲ್ಲ, ಮನುಷ್ಯ ಸರಿಸಿಕೊಂಡು ಬರಬಹುದು. ಆದರೆ ಬಂದವರು ಗಳವನ್ನು ವಾಪಸು ಇಟ್ಟು, ಅಂಗಳದಲ್ಲಿ ಒಂದು ಸಲ ಕೆಮ್ಮಿ, "ಯಾರಿದ್ದೀರಿ?" ಅಂತ ಕೂಗುತ್ತಾರೆ. ಆಮೇಲೆ ಜಗುಲಿ. ಯಾರು ಬೇಕಾದರೂ ಕೂರಬಹುದು, ಬೆಲ್ಲ ನೀರು ಸಿಗುತ್ತದೆ. ನಡುಮನೆಗೆ ಕರೆದರೆ ಮಾತ್ರ. ಒಳಗಿನ ಕೋಣೆಗೆ ನೆಂಟರೂ ಹೋಗುವುದಿಲ್ಲ. ಇದನ್ನು ಯಾರೂ ಗೌಪ್ಯತೆ ಅನ್ನಲಿಲ್ಲ. ಜಗುಲಿಯಲ್ಲಿ ಕೂತು ಒಳಗಿನ ವಿಷಯ ಕೆದಕುವವರನ್ನು ನಮ್ಮಜ್ಜಿ "ಜಗುಲಿ ದಾಟ್ತಾನೆ" ಅನ್ನುತ್ತಿದ್ದಳು. ಅಂಗಡಿಯವರು ಮಾಡಿದ್ದು ಅದನ್ನೇ, ಅಲ್ವಾ? ಕಾರ್ಡಿನ ವಿಷಯಕ್ಕೆ ಬಂದವರು ಜಗುಲಿ ದಾಟಿದರು. ಹಾಗಂತ ಇಷ್ಟೆಲ್ಲ ಚಂದ ಮಾಡಿ ಹೇಳುವಾಗ ಒಂದನ್ನು ಮರೆಯಬಾರದು. ಜಗುಲಿಯನ್ನೂ ಹತ್ತಗೊಡದೆ ಅಂಗಳದಲ್ಲೇ ನಿಲ್ಲಿಸುತ್ತಿದ್ದ ಜನರೂ ಇದ್ದರು, ಅದೇ ಮನೆಗಳಲ್ಲಿ. ಹಾಗಾಗಿ ಜಗುಲಿಯನ್ನು ಹಕ್ಕಿನ ಪದ ಮಾಡಲು ನನಗೆ ಧೈರ್ಯ ಸಾಲದು. ಒಂದು ನುಡಿಗಟ್ಟಾಗಿ ಇಟ್ಟುಕೊಳ್ಳಬಹುದು ಅಷ್ಟೆ.

ಗಾದೆಗಳ ಕಡೆ ಹೋದೆ. 'ಸಂಸಾರ ಗುಟ್ಟು, ವ್ಯಾಧಿ ರಟ್ಟು' ಅಂತ ಇದೆಯಲ್ಲ. ಮನೆಯ ವಿಷಯ ಒಳಗಿರಲಿ, ಕಾಯಿಲೆಯನ್ನು ನಾಲ್ಕು ಜನರಿಗೆ ಹೇಳು, ಯಾರಾದರೂ ಔಷಧಿ ಹೇಳಿಯಾರು ಅಂತ. ಇವತ್ತು ಬಹಳ ದೇಶಗಳ ಕಾನೂನು ಆರೋಗ್ಯದ ಮಾಹಿತಿಯನ್ನೇ ಎಲ್ಲಕ್ಕಿಂತ ಜಾಸ್ತಿ ಜೋಪಾನ ಮಾಡುತ್ತದೆ. ಗಾದೆ ತಪ್ಪೇ? ನಮ್ಮ ಜಿಲ್ಲೆಯವರಿಗೆ ಹಾಗನ್ನಿಸುವುದಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಇವತ್ತಿಗೂ ಹೋಗಿಲ್ಲ. ಮಂಗ ಎಲ್ಲಿ ಸತ್ತು ಬಿದ್ದಿದೆ ಅನ್ನುವುದು ರಟ್ಟಾಗಲೇಬೇಕು, ಇಲ್ಲದಿದ್ದರೆ ದರಕು (ಉದುರಿದ ಒಣ ಎಲೆ) ತರಲು ಹೋದವರಿಗೆ ರೋಗ ಹರಡುವ ಉಣುಗು ಕಚ್ಚುತ್ತದೆ. ಆದರೆ ಯಾರ ಮನೆಯಲ್ಲಿ ಜ್ವರ ಅನ್ನುವುದು ಆಸ್ಪತ್ರೆಯವರಿಗೆ ಗೊತ್ತಾದರೆ ಸಾಕು, ಊರಿನ ವಾಟ್ಸಾಪ್ ಗುಂಪಿಗೆ ಪಟ್ಟಿ ಬರಬೇಕಿಲ್ಲ. ಗಾದೆಯಲ್ಲಿ ಗುಟ್ಟು, ರಟ್ಟು ಎರಡೇ ಇವೆ. ನಡುವಿನದಕ್ಕೆ, ಅಂದರೆ ಯಾರಿಗೆ ಬೇಕೋ ಅವರಿಗೆ ಮಾತ್ರ ಹೇಳುವುದಕ್ಕೆ, ಪದ ಇಲ್ಲ. ನನಗೆ ಬೇಕಾದದ್ದು ಅದೇ.

ಎರಡನೆಯ ಪದ ಕನ್ಸೆಂಟ್. ಇದರಲ್ಲಿ ನನ್ನ ತೀರ್ಮಾನ ಆಗಿದೆ, ಆದರೂ ಕೇಳಿ. ಸಮ್ಮತಿ ಅಂತ ಬರೆದಿದ್ದೆ, ಹೊಡೆದುಹಾಕಿದೆ. ಯಾಕೆಂದರೆ ಸಮ್ಮತಿ ಅಂದರೆ ಜನ ಬಾಯಿಪಾಠದಲ್ಲಿ 'ಮೌನಂ ಸಮ್ಮತಿ ಲಕ್ಷಣಂ' ಅನ್ನುತ್ತಾರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುವುದು ನೇರ ಉಲ್ಟಾ. ಸುಮ್ನೆ ಇದ್ದರೆ ಒಪ್ಪಿದ ಹಾಗಲ್ಲ. ಯಾವ ಕೆಲಸಕ್ಕೆ ಅಂತ ತಿಳಿದು, ಒತ್ತಾಯ ಇಲ್ಲದೆ, ಸ್ಪಷ್ಟವಾಗಿ ಹೂಂ ಅನ್ನಬೇಕು. ಕೊಟ್ಟಷ್ಟೇ ಸುಲಭವಾಗಿ ವಾಪಸು ತೆಗೆದುಕೊಳ್ಳಲೂ ಬರಬೇಕು. ಅದನ್ನು ಕೇಳುವ ಪತ್ರ ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಬೇಕಾದ್ದರಲ್ಲಿ ಓದಲು ಸಿಗಬೇಕು ಅಂತಲೂ ಇದೆ. ಕನ್ನಡ ಅದರಲ್ಲಿದೆ. ಹಾಗಾಗಿ ಇದು ನನ್ನೊಬ್ಬನ ಹಾಳೆಯ ಚಿಂತೆ ಅಲ್ಲ. ನಾಳೆ ಪ್ರತಿ ಬ್ಯಾಂಕಿಗೂ, ಪ್ರತಿ ಆಪ್‌ಗೂ ಈ ಪದ ಬೇಕು. (ಸರ್ಕಾರ ಸಬ್ಸಿಡಿ, ಸವಲತ್ತು ಕೊಡುವಾಗ ಕೆಲವು ಸಂದರ್ಭದಲ್ಲಿ ಹೊಸದಾಗಿ ಕೇಳಬೇಕಿಲ್ಲ ಅಂತ ಅದೇ ಕಾಯ್ದೆ ಹೇಳುತ್ತದೆ. ಆ ಮಾತು ಬೇರೆ ದಿನಕ್ಕೆ.)

ಅನುಮತಿಯೂ ಹೊಂದಲಿಲ್ಲ. ಮೊಬೈಲಿನಲ್ಲಿ 'ಅನುಮತಿಸಿ' ಅಂತ ಗುಂಡಿ ಬರುತ್ತದೆ, ಸರಿ. ಆದರೆ ನಮ್ಮ ಜನರ ಮಟ್ಟಿಗೆ ಅನುಮತಿ ಅಂದರೆ ಕಚೇರಿ ನಮಗೆ ಕೊಡುವುದು. ಮನೆ ಕಟ್ಟಲು ಅನುಮತಿ, ಮರ ಕಡಿಯಲು ಅನುಮತಿ. ಕಚೇರಿಗೆ ನಾವು ಅನುಮತಿ ಕೊಡುವುದು ಅಂದರೆ ತಮಾಷೆ ಮಾಡುತ್ತಿದ್ದಾರೆ ಅಂದುಕೊಳ್ಳುತ್ತಾರೆ.

ಉಳಿದದ್ದು ಒಪ್ಪಿಗೆ. ಒಪ್ಪು, ಒಪ್ಪಂದ, ಒಪ್ಪ. ಹಳೆಯ ಶಾಸನ, ಸನದುಗಳಲ್ಲಿ ಒಪ್ಪ ಅಂದರೆ ರುಜು. ವಿಜಯನಗರದ ಅರಸರ ತಾಮ್ರಪಟಗಳ ಕೊನೆಯಲ್ಲಿರುವ 'ಶ್ರೀ ವಿರೂಪಾಕ್ಷ' ಅವರ ಒಪ್ಪವೇ. ಅಂದರೆ ಒಪ್ಪಿಗೆಯ ನೆಂಟಸ್ತಿಕೆಯಲ್ಲೇ ಒಂದು ಕೈಬರಹ ಇದೆ, ಸುಮ್ಮನಿದ್ದರೆ ಒಪ್ಪ ಬೀಳುವುದಿಲ್ಲ. ಇದಕ್ಕಿಂತ ಒಳ್ಳೆಯ ಪದ ನನಗಂತೂ ಕಾಣಲಿಲ್ಲ.

ಕಾಯ್ದೆಯಲ್ಲಿ ಬರುವ ಡೇಟಾ ಪ್ರಿನ್ಸಿಪಲ್ ಎಂಬುದನ್ನು ಹಾಗೇ ಬಿಟ್ಟರೆ ನಮ್ಮೂರಲ್ಲಿ ಕಾಲೇಜಿನ ಪ್ರಿನ್ಸಿಪಾಲರನ್ನು ಹುಡುಕುತ್ತಾರೆ. 'ಮಾಹಿತಿ ಯಾರದೋ ಅವರು' ಅಂತ ಬರೆದೆ. ಡೇಟಾ ಫಿಡ್ಯೂಷಿಯರಿಗೆ ಮೊದಲು 'ಮಾಹಿತಿ ಇಟ್ಟುಕೊಂಡವರು' ಅಂತ ಹಾಕಿದ್ದೆ. ಓದಿದ ಹೆಂಡತಿ ನಕ್ಕಳು. ಯಾಕೆ ಅಂತ ನಿಮಗೆ ಹೇಳಬೇಕಿಲ್ಲ. 'ಮಾಹಿತಿ ಪಡೆದವರು' ಅಂತ ತಿದ್ದಿದೆ. ಇಂಗ್ಲಿಷ್ ಕಾಯ್ದೆ ಗಂಡಸು ಹೆಂಗಸು ಎಲ್ಲರಿಗೂ ಶೀ, ಹರ್ ಅಂತ ಬಳಸಿ ಸುದ್ದಿಯಾಗಿತ್ತು. ಕನ್ನಡದಲ್ಲಿ 'ಅವರು' ಅಂದರೆ ಮುಗಿಯಿತು, ಮರ್ಯಾದೆಯೂ ಉಳಿಯಿತು. ದತ್ತಾಂಶವನ್ನು ಪೂರ್ತಿ ಕೈಬಿಟ್ಟೆ. ದತ್ತ ಅಂದರೆ ಕೊಟ್ಟದ್ದು. ನಾವು ಕೊಟ್ಟದ್ದಕ್ಕಿಂತ ಅವರು ತೆಗೆದುಕೊಂಡದ್ದೇ ಜಾಸ್ತಿ ಇರುವಾಗ ಆ ಪದ ಯಾಕೋ ಕಚ್ಚುತ್ತದೆ.

ಇನ್ನೊಂದೇ ಒಂದು, ಹಾಳೆಯ ಕೊನೆಯಲ್ಲಿದೆ. ಗೋದಾಮಿಗೆ ಸಿಸಿಟಿವಿ ಹಾಕಿದ್ದಾರೆ, ಅದರ ಸೂಚನೆ. ಎಲ್ಲರೂ 'ಕಣ್ಗಾವಲು' ಅನ್ನುತ್ತಾರೆ. ಅಚ್ಚ ಕನ್ನಡ, ಕಿವಿಗೂ ಹಿತ. ಹಿತವಾಗಿರುವುದೇ ನನಗೆ ಸಂಶಯ. ಕಾವಲು ಅಂದರೆ ಕಾಪಾಡುವುದು. ತೋಟದ ಕಾವಲಿನವನು ಮಂಗ ಬರುತ್ತದೋ ಅಂತ ಮರದ ಕಡೆ ನೋಡುತ್ತಾನೆ, ಯಜಮಾನರ ಮನೆ ಕಿಟಕಿ ಕಡೆ ಅಲ್ಲ. ಗೋದಾಮಿನ ಗೊಬ್ಬರಕ್ಕೆ ಕಣ್ಗಾವಲು ಇರಲಿ. ಜನರನ್ನು ಹಗಲೂ ರಾತ್ರಿ ನೋಡುತ್ತಾ ಬರೆದಿಟ್ಟುಕೊಳ್ಳುವುದಕ್ಕೂ ಅದೇ ಪದವೇ? ಬೇಹುಗಾರಿಕೆ ಅಂದರೆ ಪತ್ತೇದಾರಿ ಕಥೆ ಆಗುತ್ತದೆ. ನಿಗಾ ಪರವಾಗಿಲ್ಲ, ಆದರೆ ಆಸ್ಪತ್ರೆಯವರು ತೀವ್ರ ನಿಗಾ ಘಟಕಕ್ಕೆ ಒಯ್ದುಬಿಟ್ಟಿದ್ದಾರೆ.

ಸದ್ಯಕ್ಕೆ ಹಾಳೆಯ ಮೊದಲ ಪ್ಯಾರಾ ಹೀಗಿದೆ:

"ನಿಮ್ಮ ಮನೆಯ ವಿಷಯ ನಿಮ್ಮದು. ಸಂಘಕ್ಕೆ ನೀವು ಕೊಡುವ ಮಾಹಿತಿಯನ್ನು ಸಾಲ ಮತ್ತು ಗೊಬ್ಬರದ ಲೆಕ್ಕಕ್ಕೆ ಮಾತ್ರ ಬಳಸುತ್ತೇವೆ. ಬೇರೆ ಕೆಲಸಕ್ಕೆ ಬೇಕಾದರೆ ಮೊದಲು ನಿಮ್ಮ ಒಪ್ಪಿಗೆ ಕೇಳುತ್ತೇವೆ. ಕೊಟ್ಟ ಒಪ್ಪಿಗೆಯನ್ನು ಯಾವಾಗ ಬೇಕಾದರೂ ವಾಪಸು ಪಡೆಯಬಹುದು. ನಿಮ್ಮ ಖಾಸಗಿತನ ಕಾಪಾಡುವುದು ನಮ್ಮ ಹೊಣೆ."

ನಿನ್ನೆ ಚಿಕ್ಕಮ್ಮನಿಗೆ ಓದಿ ಹೇಳಿದೆ. ಅವಳು ಅಡಿಕೆ ಸುಲಿಯುತ್ತಲೇ ಕೇಳಿದಳು. "ಎಲ್ಲ ಸರಿ. ಕೊನೇ ಸಾಲಲ್ಲಿ ಎಂತದೋ ಬಸ್ಸಿನ ಹೆಸರು ಬಂತಲ್ಲ, ಅದೊಂದು ಗೊತ್ತಾಗ್ಲಿಲ್ಲ" ಅಂದಳು.

ಆ ಒಂದು ಜಾಗಕ್ಕೆ ಪದ ಬೇಕು. ಗುಟ್ಟೂ ಅಲ್ಲದ, ರಟ್ಟೂ ಅಲ್ಲದ, ಕೇಳದೆ ಒಳಗೆ ಬರಬಾರದು ಅನ್ನುವ ಅರ್ಥದ್ದು. ತೀರ್ಥಹಳ್ಳಿ, ಹೊಸನಗರ, ಸೊರಬ, ಕೊಪ್ಪದ ಕಡೆ ಹಿರಿಯರು ಮಾತಿನಲ್ಲಿ ಏನಾದರೂ ಬಳಸುವುದನ್ನು ಕೇಳಿದ್ದೀರಾ? ತುಳು, ಹವ್ಯಕ, ದೀವರ ಮಾತಿನದ್ದಾದರೂ ಆಗಬಹುದು. ಯಾವ ಸಂದರ್ಭದಲ್ಲಿ ಅಂದರು ಅನ್ನುವುದನ್ನೂ ಜೊತೆಗೆ ಬರೆಯಿರಿ. ಕಾರ್ಯದರ್ಶಿಗಳು ಸೋಮವಾರ ಪ್ರಿಂಟಿಗೆ ಕೊಡುತ್ತಾರಂತೆ.